ಕ್ರಿಕೆಟ್ 24 ವಿಡಿಯೊ ಗೇಮ್: ಬ್ಯಾಟಿಂಗ್‌ಗೆ ಕೈ ಕುದುರುವುದು ಹೇಗೆ?

ಜಯನಗರ_ಹುಡುಗ: ಬೌಲಿಂಗ್ ಪರವಾಗಿಲ್ಲ, ಆದರೆ ಹೊಸ ಬಾಲ್‌ಗೆ ಕವರ್ ಡ್ರೈವ್ ಹೊಡೆಯಲು ಹೋದರೆ ಸಾಕು, ಸ್ಲಿಪ್‌ನಲ್ಲಿ ಕ್ಯಾಚ್. ಡಿಫಿಕಲ್ಟಿ ಇಳಿಸಿದರೆ ಆಟ ಸಪ್ಪೆ. ಏನು ಮಾಡಲಿ?

ಮಲ್ಲೇಶ್ವರದವಳು: ಕಂಟ್ರೋಲರ್‌ನಲ್ಲಿ ಎಡ ಸ್ಟಿಕ್ ಕಾಲಿಗೆ, ಬಲ ಸ್ಟಿಕ್ ಶಾಟ್‌ಗೆ ಅಲ್ವಾ? ಎರಡನ್ನೂ ಒಟ್ಟಿಗೆ ಕಲಿಯಲು ಹೋಗಬೇಡಿ. ನೆಟ್ಸ್‌ನಲ್ಲಿ ಮೊದಲು ಕಾಲು ಸರಿಹೋಗಲಿ, ಫುಲ್ ಬಾಲ್‌ಗೆ ಮುಂದೆ, ಶಾರ್ಟ್ ಬಾಲ್‌ಗೆ ಹಿಂದೆ, ಬಾಲ್ ಬೀಳುವ ಜಾಗ ನೋಡಿ ಬೆರಳು ತಾನಾಗಿ ಓಡುವವರೆಗೂ ಬರೀ ಡಿಫೆಂಡ್ ಮಾಡಿ.

ಬಸವನಗುಡಿ_ಬ್ಯಾಟ್: ಸರಿಯಾದ ಮಾತು. ಆಫ್ ಸ್ಟಂಪ್ ಹೊರಗಿನದ್ದನ್ನು ಸುಮ್ನೆ ಬಿಡಿ. ಟೆಸ್ಟ್‌ನಲ್ಲಿ 13,288 ರನ್ ಮಾಡಿದ ನಮ್ಮ ದ್ರಾವಿಡ್ ಬಿಟ್ಟ ಬಾಲ್‌ಗಳಿಗೆ ಲೆಕ್ಕವುಂಟಾ!

ಯಲಹಂಕ_07: ಟಿವಿಯಲ್ಲಿ ಗೇಮ್ ಮೋಡ್ ಆನ್ ಇದೆಯಾ ನೋಡಿ. ಇಲ್ಲದಿದ್ದರೆ ಚಿತ್ರ ತಡವಾಗಿ ಬರುತ್ತದೆ, ಟೈಮಿಂಗ್ ಕೆಡುತ್ತದೆ.