ಯುವಜನರ ಉಪಸಂಸ್ಕೃತಿಯ ಬಗ್ಗೆ ಬರೆದ ಪ್ರಬಂಧದಲ್ಲಿ ವಾದವನ್ನು ಕಂಡುಕೊಳ್ಳುವುದು ಹೇಗೆ?

ಕೇಳಿದವರು, ಪದವಿಯ ಮೊದಲ ವರ್ಷದ ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ನಮ್ಮ ಬರವಣಿಗೆ ತರಗತಿಯಲ್ಲಿ ಈ ಅವಧಿಗೆ ಕೊಟ್ಟಿರುವ ವಿಷಯ ರೆಟರಿಕ್, ಅಂದರೆ ಕೇಳುವವರ ಮನವೊಲಿಸುವ ಕಲೆ, ಮತ್ತು ಯುವಜನರ ಉಪಸಂಸ್ಕೃತಿಗಳು, ಅಂದರೆ ತಮ್ಮದೇ ಉಡುಪು, ಸಂಗೀತ, ರೀತಿಗಳನ್ನು ಕಟ್ಟಿಕೊಂಡ ಬಳಗಗಳು. ಪಂಕ್ ಎಂಬ ಒರಟು ರಾಕ್ ಸಂಗೀತದ ಅಭಿಮಾನಿಗಳು ತಾವೇ ಬರೆದು, ತಾವೇ ನಕಲು ತೆಗೆದು ಹಂಚುತ್ತಿದ್ದ ಕಿರುಪತ್ರಿಕೆಗಳನ್ನು ನಾನು ಆರಿಸಿಕೊಂಡೆ. ಹತ್ತು ಪುಟಗಳ ಕರಡನ್ನು ಒಪ್ಪಿಸಿದಾಗ, "ಮಾಹಿತಿ ಇದೆ, ವಾದ ಇಲ್ಲ" ಎಂಬ ಒಂದೇ ಸಾಲಿನ ಷರಾದೊಂದಿಗೆ ಅದು ಹಿಂದಿರುಗಿತು. ಉಡುಪು, ಕೂದಲು, ಅಂಕುಡೊಂಕಾದ ಕೈಬರಹ ಇವುಗಳಲ್ಲಿ ವಾದವನ್ನು ಹುಡುಕುವ ಬಗೆ ನನಗೆ ತಿಳಿಯುತ್ತಿಲ್ಲ. ನಾನು ಆ ಬಳಗಕ್ಕೆ ಸೇರಿದವಳೂ ಅಲ್ಲ. ಹೊರಗೆ ನಿಂತು ಅವರ ಬಗ್ಗೆ ಬರೆಯುವುದು ಸರಿಯೇ ಎಂಬ ಅಳುಕೂ ಇದೆ. ಇಂತಹ ತರಗತಿಯಲ್ಲಿ ಓದಿದವರು ಅಥವಾ ಕಲಿಸಿದವರು ತಮ್ಮ ಅನುಭವವನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಎರಡು ವರ್ಷದ ಹಿಂದೆ ಇಂಥದೇ ತರಗತಿಯಲ್ಲಿ ಓದಿದವರು:

ನನ್ನ ಕರಡೂ ಹೀಗೆಯೇ ಹಿಂದಿರುಗಿತ್ತು. ಪಂಕ್ ಎಲ್ಲಿ ಹುಟ್ಟಿತು, ಯಾವ ತಂಡ ಮೊದಲು ಬಂತು, ಯಾವುದು ಯಾವಾಗ ಒಡೆಯಿತು ಎಂದು ನಾನು ಚರಿತ್ರೆಯನ್ನು ಬರೆಯುತ್ತಾ ಹೋಗಿದ್ದೆ. ದಾರಿ ಸಿಕ್ಕಿದ್ದು ಹತ್ತು ಪುಟಗಳನ್ನು ಪಕ್ಕಕ್ಕಿಟ್ಟು, ಆ ಕಾಲದ ಒಂದೇ ಒಂದು ಪುಟವನ್ನು ಎದುರಿಗೆ ಇಟ್ಟುಕೊಂಡಾಗ.

ಆ ಪುಟ ನಿಮಗೂ ಗೊತ್ತಿರಬಹುದು. ಗಿಟಾರಿನ ಮೂರು ಸ್ವರಮೇಳಗಳಿಗೆ ಬೆರಳಿಡುವ ಜಾಗವನ್ನು ಕೈಯಲ್ಲೇ ಗೀಚಿ ತೋರಿಸಿ, ಇದೊಂದು, ಇದಿನ್ನೊಂದು, ಇದು ಮೂರನೆಯದು, ಇನ್ನು ತಂಡ ಕಟ್ಟು ಎಂದು ಅದು ಓದುಗನಿಗೆ ಹೇಳುತ್ತದೆ. ನಾನು ಕೇಳಿಕೊಂಡ ಮೊದಲ ಪ್ರಶ್ನೆ, ಇದು ಯಾರನ್ನು ಕುರಿತು ಮಾತನಾಡುತ್ತಿದೆ ಎಂಬುದು. ಸಂಗೀತ ಬಲ್ಲವನಿಗೆ ಇದರಿಂದ ಪ್ರಯೋಜನವಿಲ್ಲ. ತನಗೆ ಸಂಗೀತ ಬರುವುದಿಲ್ಲ, ಆದ್ದರಿಂದ ವೇದಿಕೆ ತನ್ನದಲ್ಲ ಎಂದು ನಂಬಿಕೊಂಡಿರುವ ಹುಡುಗ ಅಥವಾ ಹುಡುಗಿ ಇದರ ಓದುಗ. ಎರಡನೆಯದಾಗಿ, ಆ ಪುಟ ಏಕೆ ಅಷ್ಟು ಒರಟಾಗಿದೆ ಎಂದು ಕೇಳಿಕೊಂಡೆ. ಕಲಿಯದ ಕೈಯೂ ಏನನ್ನಾದರೂ ಮಾಡಬಲ್ಲದು ಎಂದು ಹೇಳುವ ಪುಟವನ್ನು ಕಲಿತ ಕೈಯೊಂದು ಅಂದವಾಗಿ ಅಚ್ಚು ಹಾಕಿಸಿದ್ದರೆ ಆ ಮಾತನ್ನು ಯಾರೂ ನಂಬುತ್ತಿರಲಿಲ್ಲ. ಗೀಚಿದ ಗೆರೆಯೇ ಅಲ್ಲಿ ಸಾಕ್ಷ್ಯವಾಗಿ ನಿಲ್ಲುತ್ತದೆ. ಮಾತನಾಡುವವನ ಮೇಲೆ ಕೇಳುವವನಿಗೆ ಹುಟ್ಟುವ ವಿಶ್ವಾಸವನ್ನು ಅರಿಸ್ಟಾಟಲ್ ಈಥೋಸ್ ಎಂದು ಕರೆದದ್ದನ್ನು ತರಗತಿಯಲ್ಲಿ ಉರುಹೊಡೆದಿದ್ದ ನನಗೆ, ಅದು ನಿಜವಾಗಿ ಅರ್ಥವಾದದ್ದು ಆ ಗೆರೆಗಳನ್ನು ನೋಡುತ್ತಾ ಕುಳಿತಾಗ. ನನ್ನ ಪ್ರಬಂಧದ ವಾದ ಅದೇ ಆಯಿತು: ಈ ಪತ್ರಿಕೆಗಳಲ್ಲಿ ಅಂದಗೇಡಿತನವೇ ವಿಶ್ವಾಸಾರ್ಹತೆಯನ್ನು ಕಟ್ಟುತ್ತದೆ.

ಒಂದು ಎಚ್ಚರಿಕೆ. ಆ ಪುಟ 1976ರಲ್ಲಿ ಲಂಡನ್ನಿನಲ್ಲಿ ಆರಂಭವಾದ 'ಸ್ನಿಫಿನ್ ಗ್ಲೂ' ಪತ್ರಿಕೆಯದೆಂದು ಹಲವರು ಬರೆಯುತ್ತಾರೆ, ನಾನೂ ಬರೆದಿದ್ದೆ. ಅದು ಪ್ರಕಟವಾದದ್ದು 'ಸೈಡ್‌ಬರ್ನ್ಸ್' ಎಂಬ ಬೇರೆ ಪತ್ರಿಕೆಯಲ್ಲಿ. ದಯವಿಟ್ಟು ಮೂಲವನ್ನು ಕಣ್ಣಾರೆ ನೋಡದೆ ಬರೆಯಬೇಡಿ.

ಬರವಣಿಗೆ ಕಲಿಸುವವರು:

ಮೇಲಿನ ಉತ್ತರ ನನಗೆ ತುಂಬ ಸಂತೋಷ ಕೊಟ್ಟಿತು. ಅದಕ್ಕೆ ಸ್ವಲ್ಪ ಸೇರಿಸುತ್ತೇನೆ.

ಕನ್ನಡದಲ್ಲಿ ಯೋಚಿಸುವ ವಿದ್ಯಾರ್ಥಿಗಳು ರೆಟರಿಕ್ ಎಂದೊಡನೆ ಅಲಂಕಾರಶಾಸ್ತ್ರವನ್ನು ನೆನೆದು ಉಪಮೆ ರೂಪಕಗಳನ್ನು ಪಟ್ಟಿ ಮಾಡಲು ತೊಡಗುವುದನ್ನು ಕಂಡಿದ್ದೇನೆ. ನಮ್ಮ ಅಲಂಕಾರಶಾಸ್ತ್ರದ ಕಣ್ಣು ಕಾವ್ಯದ ಮೇಲೆ, ಸಹೃದಯನ ರಸಾನುಭವದ ಮೇಲೆ ನೆಟ್ಟಿದೆ. ರೆಟರಿಕ್ ಕೇಳುವ ಪ್ರಶ್ನೆ ಬೇರೆ: ಯಾರು, ಯಾರನ್ನು, ಯಾವ ಸಂದರ್ಭದಲ್ಲಿ, ಏನನ್ನು ನಂಬಿಸಲು ಅಥವಾ ಮಾಡಿಸಲು ಯತ್ನಿಸುತ್ತಿದ್ದಾರೆ? ರೆಟರಿಕ್ ವಿದ್ವಾಂಸ ಲಾಯ್ಡ್ ಬಿಟ್ಜರ್ 1968ರಲ್ಲಿ ಬರೆದ ಲೇಖನವೊಂದರಲ್ಲಿ ಈ ಸಂದರ್ಭವನ್ನು ಮಾತನ್ನು ಹೊರಡಿಸುವ ತುರ್ತು, ಅದಕ್ಕೆ ಸ್ಪಂದಿಸಬಲ್ಲ ಶ್ರೋತೃಗಳು ಮತ್ತು ಮಾತನಾಡುವವನನ್ನು ಕಟ್ಟಿಹಾಕುವ ಮಿತಿಗಳು ಎಂದು ಬಿಡಿಸಿ ತೋರಿಸಿದರು. ನಾನು ತರಗತಿಯಲ್ಲಿ ಇದನ್ನು ಒಂದು ಕೋಟಿನ ಮೂಲಕ ಕಲಿಸುತ್ತೇನೆ.

1940ರ ದಶಕದಲ್ಲಿ ಅಮೆರಿಕದ ಮೆಕ್ಸಿಕನ್ ಮೂಲದ ಮತ್ತು ಕಪ್ಪು ತರುಣರು ಜೂಟ್ ಸೂಟ್ ಎಂಬ ಉಡುಪನ್ನು ತೊಡುತ್ತಿದ್ದರು. ಅಗಲವಾದ ಭುಜ, ಮೊಣಕಾಲಿನತ್ತ ಇಳಿಯುವ ಕೋಟು, ಮೇಲೆ ಸಡಿಲವಾಗಿ ಕಣಕಾಲಿನ ಬಳಿ ಬಿಗಿಯಾಗುವ ಪ್ಯಾಂಟು, ಇಷ್ಟಕ್ಕೆ ಬಟ್ಟೆ ಧಾರಾಳವಾಗಿ ಬೇಕು. 1942ರಲ್ಲಿ ಯುದ್ಧದ ಕಾರಣಕ್ಕೆ ಸರ್ಕಾರ ಉಡುಪುಗಳಿಗೆ ಬಳಸುವ ಬಟ್ಟೆಯ ಮೇಲೆ ಮಿತಿ ಹೇರಿತು. ಕೋಟು ಬದಲಾಗಲಿಲ್ಲ, ಅದರ ಸುತ್ತಲಿನ ಸಂದರ್ಭ ಬದಲಾಯಿತು. ಅಲ್ಲಿಯವರೆಗೆ ಬೆಡಗಾಗಿದ್ದದ್ದು ದೇಶದ್ರೋಹದ ಗುರುತಾಗಿ ಓದಿಸಿಕೊಳ್ಳತೊಡಗಿತು. 1943ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಾವಿಕರು ಮತ್ತು ಸೈನಿಕರು ದಿನಗಟ್ಟಲೆ ಈ ತರುಣರನ್ನು ಹುಡುಕಿ ಹೊಡೆದು, ಮೈಮೇಲಿನ ಸೂಟನ್ನು ಕಿತ್ತುಹಾಕಿದರು. ನಗರಸಭೆ ನಿರ್ಣಯ ತೆಗೆದುಕೊಂಡದ್ದು ಆ ಉಡುಪನ್ನು ನಿಷೇಧಿಸಬೇಕೆಂದು. ಬಟ್ಟೆಗೆ ಮಾತಿನ ಬಲವಿಲ್ಲದಿದ್ದರೆ ಯಾರೂ ಅದನ್ನು ಕಿತ್ತುಹಾಕುವ ಕಷ್ಟ ತೆಗೆದುಕೊಳ್ಳುತ್ತಿರಲಿಲ್ಲ. ಆದ್ದರಿಂದ ನಿಮ್ಮ ಪತ್ರಿಕೆಗಳಿಗೂ ಇಬ್ಬರು ಶ್ರೋತೃಗಳಿದ್ದಾರೆಂದು ಇಟ್ಟುಕೊಳ್ಳಿ: ಒಳಗಿನವರು ಮತ್ತು ಕದ್ದು ಕೇಳಿಸಿಕೊಳ್ಳುವ ಹೊರಗಿನವರು. ಇಬ್ಬರಿಗೂ ಒಂದೇ ಪುಟ ಬೇರೆ ಬೇರೆ ಮಾತು ಹೇಳುವ ಜಾಗದಲ್ಲಿ ನಿಮ್ಮ ವಾದ ಇರುತ್ತದೆ.

ಹೊರಗಿನವರ ಭಾಷೆಯನ್ನೂ ಅಷ್ಟೇ ಸೂಕ್ಷ್ಮವಾಗಿ ಓದಬೇಕು. ಇಂಗ್ಲೆಂಡಿನ ಕ್ಲಾಕ್ಟನ್ ಎಂಬ ಕಡಲತೀರದ ಊರಿನಲ್ಲಿ 1964ರ ಈಸ್ಟರ್ ರಜೆಯಲ್ಲಿ ಮಾಡ್ಸ್ ಮತ್ತು ರಾಕರ್ಸ್ ಎಂಬ ಯುವಜನರ ಎರಡು ಗುಂಪುಗಳ ನಡುವೆ ನಡೆದ ಗಲಾಟೆಯ ವರದಿಗಳನ್ನು ಸಮಾಜಶಾಸ್ತ್ರಜ್ಞ ಸ್ಟ್ಯಾನ್ಲಿ ಕೋಹೆನ್ 1972ರ ತಮ್ಮ ಪುಸ್ತಕದಲ್ಲಿ ಪರಿಶೀಲಿಸಿದರು. ಕಡಲಂಚಿನ ನೃತ್ಯಶಾಲೆಗಳೆಲ್ಲದರ ಕಿಟಕಿಗಳು ಒಡೆದವು ಎಂಬ ಸುದ್ದಿ ಬಂದಿತ್ತು. ಊರಿನಲ್ಲಿದ್ದದ್ದು ಒಂದೇ ನೃತ್ಯಶಾಲೆ, ಒಡೆದದ್ದು ಅದರ ಕೆಲವು ಕಿಟಕಿಗಳು. ಒಂದು ಬಹುವಚನ ಎಷ್ಟು ಭಯವನ್ನು ಹುಟ್ಟಿಸಬಲ್ಲದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಸಿಕ್ಕಿಲ್ಲ.

ಹದಿಹರೆಯದಲ್ಲಿ ಇಂಥ ಬಳಗವೊಂದರಲ್ಲಿ ಇದ್ದವರು:

ನಿಮ್ಮ ಅಳುಕಿನ ಬಗ್ಗೆ ಮಾತ್ರ ಬರೆಯುತ್ತೇನೆ. ನಾನು ಸ್ಟ್ರೇಟ್ ಎಡ್ಜ್ ಬಳಗದಲ್ಲಿದ್ದೆ. ಮದ್ಯ, ಮಾದಕವಸ್ತು, ತಂಬಾಕು ಯಾವುದನ್ನೂ ಮುಟ್ಟುವುದಿಲ್ಲವೆಂದು ನಿಶ್ಚಯಿಸಿದವರ ಪಂಕ್ ಕವಲು ಅದು. 1980ರ ದಶಕದ ಆರಂಭದಲ್ಲಿ ವಾಷಿಂಗ್ಟನ್ ಡಿ.ಸಿ.ಯಲ್ಲಿ ರೂಪುಗೊಂಡಿತು. ಸಂಗೀತ ನಡೆಯುವ ಕ್ಲಬ್ಬುಗಳಲ್ಲಿ ಅಪ್ರಾಪ್ತ ವಯಸ್ಕರಿಗೆ ಮದ್ಯ ಕೊಡಬಾರದೆಂದು ಗುರುತಿಸಲು ಅವರ ಕೈಮೇಲೆ 'X' ಆಕಾರದ ಗುರುತು ಹಾಕುತ್ತಿದ್ದರು. ನಿರ್ಬಂಧದ ಆ ಗುರುತನ್ನೇ ಈ ಹುಡುಗರು ಸ್ವಂತ ನಿಶ್ಚಯದ ಗುರುತನ್ನಾಗಿ ಮಾಡಿಕೊಂಡರು. ನಾನು ಆ ಗುರುತನ್ನು ಕೈಮೇಲೆ ಬರೆದುಕೊಳ್ಳುತ್ತಿದ್ದ ದಿನಗಳಲ್ಲಿ, ನಮ್ಮ ಬಗ್ಗೆ ಪ್ರಬಂಧ ಬರೆದ ಒಬ್ಬರು ಅದನ್ನು ಸಮಾಜದ ವಿರುದ್ಧದ ಬಂಡಾಯವೆಂದು ವ್ಯಾಖ್ಯಾನಿಸಿದ್ದರು. ನನ್ನ ಮನೆಯಲ್ಲಿ ಕುಡಿತದಿಂದ ಆಗಿದ್ದ ನೋವು ಆ ಗುರುತಿನ ಹಿಂದಿತ್ತು. ಅವರು ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಅವರ ಪ್ರಬಂಧವನ್ನು ಓದಿದಾಗ ಆದ ಬೇಸರ ಇನ್ನೂ ಮಾಸಿಲ್ಲ.

ಹೊರಗಿನವರು ಬರೆಯಬಾರದೆಂದು ನಾನು ಹೇಳುವುದಿಲ್ಲ. ಬರೆಯುವ ಮುನ್ನ ಒಬ್ಬಿಬ್ಬರನ್ನಾದರೂ ಕೇಳಿ, ಅವರ ಒಪ್ಪಿಗೆಯಿಂದಲೇ ಅವರ ಮಾತನ್ನು ಬಳಸಿ, ಹೆಸರನ್ನು ಮರೆಮಾಡಿ, ಕರಡನ್ನು ಅವರಿಗೆ ತೋರಿಸಿ. ಅವರ ವಿವರಣೆಗೂ ನಿಮ್ಮ ವ್ಯಾಖ್ಯಾನಕ್ಕೂ ಹೊಂದಿಕೆಯಾಗದಿದ್ದರೆ ಎರಡನ್ನೂ ಪ್ರಬಂಧದಲ್ಲಿ ಇಡಿ.

ಸಂಶೋಧನ ವಿದ್ಯಾರ್ಥಿನಿ:

ನಿಮ್ಮ ಆಕರಗಳಲ್ಲಿ ಹುಡುಗಿಯರು ಎಷ್ಟು ಮಂದಿ ಇದ್ದಾರೆಂದು ಎಣಿಸಿ ನೋಡಿ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸಾಂಸ್ಕೃತಿಕ ಅಧ್ಯಯನ ಕೇಂದ್ರದಲ್ಲಿ ಬೀದಿಯ ಗುಂಪುಗಳ ಬಗ್ಗೆ ಸಂಶೋಧನೆ ನಡೆಯುತ್ತಿದ್ದ ಕಾಲದಲ್ಲೇ, ಏಂಜೆಲಾ ಮೆಕ್‌ರಾಬಿ ಮತ್ತು ಜೆನ್ನಿ ಗಾರ್ಬರ್ ಇದೇ ಪ್ರಶ್ನೆಯನ್ನು ಎತ್ತಿ, ಹುಡುಗಿಯರ ಸಂಸ್ಕೃತಿಯನ್ನು ಬೀದಿಯಲ್ಲಿ ಹುಡುಕಿದರೆ ಕಾಣುವುದಿಲ್ಲ, ಅವರ ಕೋಣೆಗಳಲ್ಲಿ ಹುಡುಕಬೇಕು ಎಂದು ತೋರಿಸಿದರು. 1990ರ ದಶಕದ ಆರಂಭದಲ್ಲಿ ರಯಟ್ ಗರ್ಲ್ ಎಂಬ ಸ್ತ್ರೀವಾದಿ ಪಂಕ್ ಚಳವಳಿಯ ಯುವತಿಯರು ಬರೆದ ಕಿರುಪತ್ರಿಕೆಗಳು ನಿಮ್ಮ ವಿಷಯಕ್ಕೆ ನೇರವಾಗಿ ಸೇರುತ್ತವೆ, ಹಲವು ಗ್ರಂಥಾಲಯಗಳು ಅವನ್ನು ಜೋಪಾನವಾಗಿ ಕಾಪಾಡಿವೆ. ಹೇಳಿಕೊಳ್ಳಲಾಗದ ಅನುಭವವನ್ನು ಅಪರಿಚಿತ ಗೆಳತಿಗೆ ಕಾಗದ ಬರೆದಂತೆ ಅಲ್ಲಿ ಬರೆದಿದ್ದಾರೆ. ಆ ಧಾಟಿಯೇ ಓದುವವಳನ್ನು ಒಳಗೆ ಕರೆದುಕೊಳ್ಳುತ್ತದೆ.

ಕೇಳಿದವರು:

ಇಷ್ಟು ಶ್ರದ್ಧೆಯಿಂದ ಉತ್ತರಿಸಿದ ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಹತ್ತು ಪುಟಗಳಲ್ಲಿ ಎಂಟನ್ನು ಬಿಟ್ಟುಬಿಡಲು ನಿರ್ಧರಿಸಿದ್ದೇನೆ. ರಯಟ್ ಗರ್ಲ್ ಪತ್ರಿಕೆಯೊಂದರ ಮೊದಲ ಪುಟವನ್ನು ಗ್ರಂಥಾಲಯದ ಸಂಗ್ರಹದಲ್ಲಿ ಹುಡುಕಿ, ಅದು ಗೆಳತಿಗೆ ಏನು ಹೇಳುತ್ತದೆ ಮತ್ತು ಕದ್ದು ಓದುವ ಹೊರಗಿನವರಿಗೆ ಏನು ಹೇಳುತ್ತದೆ ಎಂಬ ಎರಡು ಪ್ರಶ್ನೆಗಳನ್ನಷ್ಟೇ ಇಟ್ಟುಕೊಂಡು ಮತ್ತೆ ಬರೆಯುತ್ತೇನೆ. ಇಂದಿಗೂ ಕಿರುಪತ್ರಿಕೆ ತರುತ್ತಿರುವ ಒಬ್ಬರಿಗೆ ಈ ಬೆಳಿಗ್ಗೆ ಕಾಗದ ಬರೆದು, ತಮ್ಮೊಡನೆ ಮಾತನಾಡಬಹುದೇ ಎಂದು ಅನುಮತಿ ಕೇಳಿದ್ದೇನೆ. ಅವರ ಉತ್ತರ ಬಂದ ಮೇಲೆ ಕರಡಿನ ಮೊದಲ ಭಾಗವನ್ನು ಇಲ್ಲಿಯೇ ನಿಮ್ಮ ಮುಂದಿಡುತ್ತೇನೆ.