ಡಾಡ್ಜ್ ಹೆಸರಿನ ಮಿತ್ಸುಬಿಷಿ, ಸ್ಟೂಡಿಬೇಕರ್ ಶೋರೂಮಿನ ಮರ್ಸಿಡಿಸ್: ಈ ಒಪ್ಪಂದಗಳು ನಡೆದದ್ದು ಹೇಗೆ, ಮುರಿದದ್ದು ಯಾಕೆ?

ಹಳೇಗೇರ್ (ಪ್ರಶ್ನೆ)

ಅಮೆರಿಕದ ಕಾರು ಕಂಪನಿಗಳು ಪರದೇಶದ ಕಾರುಗಳನ್ನು ತಮ್ಮ ಡೀಲರ್‌ಗಳ ಮೂಲಕ ಮಾರಿದ ಒಪ್ಪಂದಗಳ ಬಗ್ಗೆ ತಿಳಿದವರು ಸ್ವಲ್ಪ ವಿವರವಾಗಿ ಬರೆಯಬೇಕು. 1957ರಲ್ಲಿ ಸ್ಟೂಡಿಬೇಕರ್-ಪ್ಯಾಕರ್ಡ್‌ಗೆ ಮರ್ಸಿಡಿಸ್ ಮಾರುವ ಹಕ್ಕು ಸಿಕ್ಕಿತು. 1971ರಲ್ಲಿ ಕ್ರೈಸ್ಲರ್ ಮಿತ್ಸುಬಿಷಿಯ 15% ಪಾಲು ಕೊಂಡಿತು, ಅದೇ ವರ್ಷ ಜಿಎಂ (ಜನರಲ್ ಮೋಟರ್ಸ್, ಶೆವರ್ಲೆ ಅದರದೇ ಹೆಸರು) ಇಸುಝುವಿನ 34.2% ಕೊಂಡಿತು. 1979ರಲ್ಲಿ ಫೋರ್ಡ್ ಮಾಜ್ದಾದ ಸುಮಾರು ಕಾಲು ಪಾಲು ತೆಗೆದುಕೊಂಡಿತು. ಈ ಇಸವಿಗಳೆಲ್ಲ ಎಲ್ಲಿ ಬೇಕಾದರೂ ಸಿಗುತ್ತವೆ. ಸಿಗದೇ ಇರುವುದು ಮೂರು.

ಡೀಲರ್ ಮಟ್ಟದಲ್ಲಿ, ಅಂದರೆ ವರ್ಕ್‌ಶಾಪು, ಬಿಡಿಭಾಗ, ಸೇಲ್ಸ್‌ಮನ್ ಇವರ ಮಟ್ಟದಲ್ಲಿ ಈ ಏರ್ಪಾಡು ಹೇಗೆ ನಡೆಯುತ್ತಿತ್ತು? ಇಷ್ಟೊಂದು ಒಪ್ಪಂದಗಳು ಹತ್ತು ಹದಿನೈದು ವರ್ಷಕ್ಕೇ ಮುರಿದದ್ದು ಯಾಕೆ? ಕೊನೆಯದು: 1991ರ ಡಾಡ್ಜ್ ಸ್ಟೆಲ್ತ್‌ನಂಥ ಕಾರನ್ನು ಈಗ ಅಮೆರಿಕದಲ್ಲಿ ಕೊಳ್ಳುವವರು ಅದನ್ನು ನಿಜಕ್ಕೂ ಮಾಡಿದ್ದು ಯಾರು, ಬಿಡಿಭಾಗ ಯಾವ ಕ್ಯಾಟಲಾಗಿನಲ್ಲಿ ಹುಡುಕಬೇಕು ಅಂತ ಹೇಗೆ ಗೊತ್ತುಮಾಡಿಕೊಳ್ಳುವುದು?

ಬೋರ್_ಸ್ಟ್ರೋಕ್

ಸ್ಟೂಡಿಬೇಕರ್ ವಿಷಯ ಮೊದಲು, ಯಾಕಂದ್ರೆ ಮುಂದೆ ಬಂದ ಎಲ್ಲ ಒಪ್ಪಂದಗಳ ಕಾಯಿಲೆ ಅಲ್ಲೇ ಕಾಣುತ್ತೆ.

ಅಲ್ಲಿಯವರೆಗೆ ಅಮೆರಿಕದಲ್ಲಿ ಮರ್ಸಿಡಿಸ್ ತರಿಸುತ್ತಿದ್ದವರು ನ್ಯೂಯಾರ್ಕಿನ ಮ್ಯಾಕ್ಸ್ ಹಾಫ್‌ಮನ್. 300 ಎಸ್‌ಎಲ್ ಸ್ಪೋರ್ಟ್ಸ್ ಕಾರು ರಸ್ತೆಗಿಳಿಯುವಂತೆ, ಮರ್ಸಿಡಿಸ್ ಮಾಡುವ ಡೈಮ್ಲರ್-ಬೆಂಝ್‌ನ ಬೆನ್ನು ಹತ್ತಿದವರೂ ಅವರೇ. ಆದರೆ ಒಬ್ಬ ಆಮದುದಾರನಿಂದ ದೇಶದ ಉದ್ದಗಲಕ್ಕೂ ಸರ್ವೀಸ್ ಕೊಡಲಿಕ್ಕೆ ಆಗಲ್ಲ. ಇತ್ತ ಸ್ಟೂಡಿಬೇಕರ್-ಪ್ಯಾಕರ್ಡ್ 1956ರಿಂದ ವಿಮಾನ ಎಂಜಿನ್ ಕಂಪನಿ ಕರ್ಟಿಸ್-ರೈಟ್‌ನ ಆಡಳಿತದಲ್ಲಿತ್ತು. ಕರ್ಟಿಸ್-ರೈಟ್‌ಗೆ ಜರ್ಮನರ ಡೀಸೆಲ್ ಮತ್ತು ಇಂಜೆಕ್ಷನ್ ತಂತ್ರದ ಮೇಲೆ ಕಣ್ಣು, ಡೈಮ್ಲರ್‌ಗೆ ಸಿದ್ಧವಾಗಿದ್ದ ಡೀಲರ್ ಜಾಲದ ಮೇಲೆ ಕಣ್ಣು. ಪ್ಯಾಕರ್ಡ್ 1958ಕ್ಕೆ ನಿಂತೇಹೋಯಿತು, ಹಾಗಾಗಿ ಡೀಲರ್‌ಗಳ ಹತ್ತಿರ ದುಬಾರಿ ಕಾರೇ ಇರಲಿಲ್ಲ. ಆ ಖಾಲಿ ಜಾಗಕ್ಕೆ ಮರ್ಸಿಡಿಸ್ ಬಂದು ಕೂತಿತು. ಮಾರಾಟಕ್ಕೆ ಅಂತ ಸ್ಟೂಡಿಬೇಕರ್‌ನ ಊರಾದ ಸೌತ್ ಬೆಂಡ್‌ನಲ್ಲಿ ಮರ್ಸಿಡಿಸ್-ಬೆಂಝ್ ಸೇಲ್ಸ್ ಅನ್ನುವ ಅಂಗಸಂಸ್ಥೆ ತೆರೆದರು.

ಈಗ ಶೋರೂಮಿನ ಒಳಗೆ ಬನ್ನಿ. 1959ರ ಸ್ಟೂಡಿಬೇಕರ್ ಲಾರ್ಕ್‌ನ ಆರಂಭಿಕ ಬೆಲೆ 2 ಸಾವಿರ ಡಾಲರ್‌ಗಿಂತ ಕಡಿಮೆ, ಪಕ್ಕದಲ್ಲೇ ನಿಂತ 300 ಎಸ್‌ಎಲ್ ರೋಡ್‌ಸ್ಟರ್ ಸುಮಾರು 11 ಸಾವಿರ. ಕೊಳ್ಳಲು ಬರುವ ಗಿರಾಕಿ ಬೇರೆ, ಕೇಳುವ ಪ್ರಶ್ನೆ ಬೇರೆ. ಒಬ್ಬನೇ ಸೇಲ್ಸ್‌ಮನ್ ಎರಡನ್ನೂ ಚೆನ್ನಾಗಿ ಮಾರುವುದು ಕಷ್ಟ.

ವರ್ಕ್‌ಶಾಪಿನಲ್ಲಿ ಪಾಡು ಇನ್ನೂ ಹೆಚ್ಚು. ಸ್ಟೂಡಿಬೇಕರ್‌ನದು ಇಂಚಿನ ಬೋಲ್ಟು, ಮರ್ಸಿಡಿಸ್‌ನದು ಮಿಲಿಮೀಟರಿನದು. 1/2 ಇಂಚಿನ ಸ್ಪ್ಯಾನರ್ 12.7 ಮಿ.ಮೀ., ಅದು 13ರ ತಲೆಗೆ ಇಳಿಯುವುದೇ ಇಲ್ಲ. 9/16 ಅಂದರೆ 14.3 ಮಿ.ಮೀ., 14ರ ತಲೆಗೆ ಕೂತ ಹಾಗೆ ಕಾಣುತ್ತೆ, ಬಿಗಿಯಾದ ಬೋಲ್ಟಿನಲ್ಲಿ ಬಲ ಹಾಕಿದ ಕೂಡಲೇ ಮೂಲೆ ಸವೆಸುತ್ತೆ. ಇಂಜೆಕ್ಷನ್ನಿನ ಕಥೆ ಇದಕ್ಕಿಂತ ಗಂಭೀರ. ಕಾರ್ಬುರೇಟರ್ ಬಿಟ್ಟು ಬೇರೇನೂ ನೋಡದ ಮೆಕ್ಯಾನಿಕ್‌ಗೆ 300 ಎಸ್‌ಎಲ್‌ನ ಬಾಷ್ ಪಂಪ್ ಅರ್ಥವಾಗಲ್ಲ. ಇಗ್ನಿಷನ್ ಆಫ್ ಮಾಡಿದ ಮೇಲೂ ಎಂಜಿನ್ ಸುತ್ತುವಷ್ಟು ಹೊತ್ತು ಆ ಪಂಪ್ ನೇರ ಸಿಲಿಂಡರಿಗೇ ಪೆಟ್ರೋಲ್ ಕಳಿಸುತ್ತಿರುತ್ತೆ. ಉರಿಯದ ಆ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ಕೆಳಗಿಳಿದು ಆಯಿಲ್‌ಗೆ ಬೆರೆಯುತ್ತೆ. ಡ್ರೈ ಸಂಪ್ ಏರ್ಪಾಡಿನಲ್ಲಿ (ಆಯಿಲನ್ನು ಬೇರೆ ಟ್ಯಾಂಕಿನಲ್ಲಿ ಇಡುವ ಕ್ರಮ) ಆಯಿಲ್ ಸುಮಾರು 10 ಲೀಟರ್, ಊರೊಳಗಿನ ಸಣ್ಣ ಓಡಾಟದಲ್ಲಿ ಅಷ್ಟೂ ಆಯಿಲ್ ಕಾಯುವುದಿಲ್ಲ, ಬೆರೆತ ಪೆಟ್ರೋಲ್ ಆವಿಯಾಗುವುದೂ ಇಲ್ಲ. ಆಯಿಲ್ ಬೇಗಬೇಗ ಬದಲಿಸದಿದ್ದರೆ ರಿಂಗು, ಬೇರಿಂಗು ಸವೆಯುತ್ತವೆ. ಇದು ಕಾರಿನ ದೋಷಕ್ಕಿಂತ ಹೆಚ್ಚಾಗಿ ತರಬೇತಿಯ ದೋಷ.

1963ರ ಡಿಸೆಂಬರಿನಲ್ಲಿ ಸೌತ್ ಬೆಂಡ್ ಕಾರ್ಖಾನೆಯ ಕಾರು ತಯಾರಿಕೆ ನಿಂತಿತು. 1965ಕ್ಕೆ ಡೈಮ್ಲರ್-ಬೆಂಝ್ ತನ್ನದೇ ಮರ್ಸಿಡಿಸ್-ಬೆಂಝ್ ಆಫ್ ನಾರ್ತ್ ಅಮೆರಿಕ ಶುರುಮಾಡಿತು. ಹಳೆಯ ಸ್ಟೂಡಿಬೇಕರ್ ಡೀಲರ್‌ಗಳಲ್ಲಿ ಎಷ್ಟೋ ಜನ ಮರ್ಸಿಡಿಸ್ ಡೀಲರ್‌ಗಳಾಗಿಯೇ ಮುಂದುವರಿದರು. ನೋಡಿ, ಜಾಲ ಕಟ್ಟಿದ್ದು ಒಬ್ಬರು, ಅದು ಉಳಿದದ್ದು ಇನ್ನೊಬ್ಬರ ಕೈಯಲ್ಲಿ. ನನ್ನ ಪ್ರಕಾರ ಇಡೀ ಇತಿಹಾಸವನ್ನು ಈ ಒಂದು ಕಣ್ಣಿನಿಂದ ಓದಬೇಕು.

ಚಾಸಿಸ್ನಂಬರ್

ಮಿತ್ಸುಬಿಷಿ ಭಾಗ ನಾನು ಬರೆಯುತ್ತೇನೆ.

ಡಾಡ್ಜ್, ಪ್ಲಿಮತ್ ಎರಡೂ ಕ್ರೈಸ್ಲರ್‌ನ ಹೆಸರುಗಳೇ. ಡಾಡ್ಜ್ ಕೋಲ್ಟ್ 1971ರ ಮಾಡೆಲ್. ಒಳಗೆ ಅದು ಮಿತ್ಸುಬಿಷಿ ಕೋಲ್ಟ್ ಗ್ಯಾಲಂಟ್, 1597 ಸಿಸಿ ಎಂಜಿನ್. ಅದೇ ಕಾಲಕ್ಕೆ ಪ್ಲಿಮತ್ ಡೀಲರ್‌ಗಳಿಗೆ ಇಂಗ್ಲೆಂಡಿನ ಹಿಲ್‌ಮನ್ ಅವೆಂಜರನ್ನು ಕ್ರಿಕೆಟ್ ಅನ್ನುವ ಹೆಸರಿನಲ್ಲಿ ಕೊಟ್ಟರು. 1973ರಲ್ಲೇ ಅದನ್ನು ಕೈಬಿಡಬೇಕಾಯಿತು, ಕೋಲ್ಟ್ 1994ರವರೆಗೆ ಬಾಳಿತು. ಗುಣಮಟ್ಟದ ಹೋಲಿಕೆಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

1979ರ ಕೋಲ್ಟ್ ಮತ್ತು ಪ್ಲಿಮತ್ ಚಾಂಪ್‌ನ ಎರಡು ಗೇರ್ ಲಿವರ್ ಬಗ್ಗೆ ಒಂದು ಮಾತು, ವಿಷಯಾಂತರವಾದರೂ ಸೊಗಸಾದ ಎಂಜಿನಿಯರಿಂಗ್ ಅದು. ಹಿಂಬದಿ ಚಾಲನೆಗೆ ಮಾಡಿದ್ದ ಎಂಜಿನ್ನನ್ನು ಅಡ್ಡ ಇಟ್ಟಾಗ ಸುತ್ತುವ ದಿಕ್ಕು ಸರಿಮಾಡಲು ಗೇರ್‌ಬಾಕ್ಸಿನಲ್ಲಿ ಒಂದು ಹೆಚ್ಚಿನ ಶಾಫ್ಟ್ ಹಾಕಲೇಬೇಕಿತ್ತು. ಹೇಗೂ ಇರುತ್ತಲ್ಲ ಅಂತ ಅದಕ್ಕೇ ಎರಡು ರೇಂಜ್ ಕೊಟ್ಟರು: 4 ಗೇರ್ ಗುಣಿಸು 2, ಒಟ್ಟು 8.

ಕ್ರೈಸ್ಲರ್-ಮಿತ್ಸುಬಿಷಿ ನಂಟು ಮುರಿದದ್ದು ಕೋಟಾದಿಂದ. 1981ರಲ್ಲಿ ಜಪಾನ್ ಅಮೆರಿಕಕ್ಕೆ ಕಳಿಸುವ ಕಾರುಗಳನ್ನು ವರ್ಷಕ್ಕೆ 16.8 ಲಕ್ಷಕ್ಕೆ ಮಿತಿಗೊಳಿಸಿತು, 1984ಕ್ಕೆ 18.5 ಲಕ್ಷ, 1985ಕ್ಕೆ 23 ಲಕ್ಷ. ಅದು ಕಂಪನಿವಾರು ಹಂಚಿಕೆಯಾಗುತ್ತಿತ್ತು. ಕ್ರೈಸ್ಲರ್ ಮಾರುವ ಕೋಲ್ಟ್ ಕೂಡ ಮಿತ್ಸುಬಿಷಿಯ ಪಾಲಿನಲ್ಲೇ ಲೆಕ್ಕ. 1983ರ ಮಾಡೆಲ್‌ನಿಂದ ಮಿತ್ಸುಬಿಷಿ ತನ್ನದೇ ಡೀಲರ್‌ಗಳ ಮೂಲಕ ಮಾರಲು ಹೊರಟಾಗ, ಕ್ರೈಸ್ಲರ್‌ಗೆ ಕೊಟ್ಟ ಪ್ರತಿ ಕಾರೂ ತನ್ನ ಶೋರೂಮಿಗೆ ಒಂದು ಕಾರು ಕಡಿಮೆ ಅಂತಾಯಿತು. ಈ ಜಗಳಕ್ಕೆ ಮದ್ದು ಅಂತ 1985ರಲ್ಲಿ ಡೈಮಂಡ್-ಸ್ಟಾರ್ ಜಂಟಿ ಕಂಪನಿ ಕಟ್ಟಿ, 1988ರಿಂದ ಇಲಿನಾಯ್‌ನ ನಾರ್ಮಲ್ ಊರಿನಲ್ಲಿ ಕಾರು ಮಾಡಿದರು. 1991ಕ್ಕೆ ಕ್ರೈಸ್ಲರ್ ತನ್ನ ಅರ್ಧ ಪಾಲು ಮಿತ್ಸುಬಿಷಿಗೇ ಮಾರಿತು. ಆ ಕಾರ್ಖಾನೆ ಈಗ ರಿವಿಯನ್ ಕೈಯಲ್ಲಿದೆ.

ಇನ್ನು ಗುರುತು ಹಿಡಿಯುವ ಕ್ರಮ. 1981ರಿಂದ ಚಾಸಿಸ್ ನಂಬರಿನಲ್ಲಿ 17 ಅಕ್ಷರ. ಮೊದಲ ಮೂರು, ಮಾಡಿದವರು ಯಾರು ಅನ್ನುವುದನ್ನು ಹೇಳುತ್ತವೆ. ಜೆಬಿ3 ಅಂದರೆ ಜಪಾನಿನಲ್ಲಿ ಮಿತ್ಸುಬಿಷಿ ಮಾಡಿದ ಡಾಡ್ಜ್, ಜೆಪಿ3 ಪ್ಲಿಮತ್, ಜೆಇ3 ಈಗಲ್ (ಅದೂ ಕ್ರೈಸ್ಲರ್‌ನ ಹೆಸರೇ), ಜೆಎ3 ಮಿತ್ಸುಬಿಷಿ ಹೆಸರಿನದೇ. 4 ಅಂಕೆಯಿಂದ ಶುರುವಾದರೆ ನಾರ್ಮಲ್‌ನಲ್ಲಿ ಮಾಡಿದ್ದು: 4ಎ3 ಮಿತ್ಸುಬಿಷಿ ಎಕ್ಲಿಪ್ಸ್, 4ಪಿ3 ಪ್ಲಿಮತ್ ಲೇಸರ್, 4ಇ3 ಈಗಲ್ ಟ್ಯಾಲನ್. ಹತ್ತನೆಯ ಅಕ್ಷರ ಮಾಡೆಲ್ ವರ್ಷ, 1991ಕ್ಕೆ ಎಂ. ಹನ್ನೊಂದನೆಯದು ಕಾರ್ಖಾನೆ.

ನೀವು ಕೇಳಿದ ಸ್ಟೆಲ್ತ್ ಜೆಬಿ3, ನಗೋಯಾದಲ್ಲಿ ಮಾಡಿದ್ದು. ಎಂಜಿನ್ 6ಜಿ72, 3 ಲೀಟರ್ ವಿ6. ಬೇಸ್ ಮಾಡೆಲಿನ 12 ವಾಲ್ವ್ ಎಂಜಿನ್ ಕ್ರೈಸ್ಲರ್ ಮಿನಿವ್ಯಾನ್‌ಗಳಲ್ಲೂ ಇದ್ದದ್ದರಿಂದ ಅದರ ಟೈಮಿಂಗ್ ಬೆಲ್ಟು ಮುಂತಾದವು ಡಾಡ್ಜ್ ಕ್ಯಾರವಾನ್ ಹೆಸರಿನಲ್ಲಿ ಸುಲಭಕ್ಕೆ ಸಿಗುತ್ತವೆ. 24 ವಾಲ್ವಿನದಕ್ಕೆ ಸ್ಟೆಲ್ತ್‌ನ ಜೋಡಿ ಕಾರಾದ ಮಿತ್ಸುಬಿಷಿ 3000ಜಿಟಿ ಕ್ಯಾಟಲಾಗನ್ನೇ ಹಿಡಿಯಿರಿ. ಬೆಲ್ಟ್ 60 ಸಾವಿರ ಮೈಲಿಗೆ ಬದಲಿಸಬೇಕು, ಜೊತೆಗೆ ವಾಟರ್ ಪಂಪ್, 24 ವಾಲ್ವಾದರೆ ಬೆಲ್ಟನ್ನು ಬಿಗಿಯಾಗಿಡುವ ಹೈಡ್ರಾಲಿಕ್ ಟೆನ್ಷನರ್ ಕೂಡ. ಟೆನ್ಷನರ್ ಹಳೆಯದನ್ನೇ ಬಿಟ್ಟರೆ ಬೆಲ್ಟ್ ಸಡಿಲಾಗಿ ಹಲ್ಲು ಜಿಗಿದು ವಾಲ್ವ್ ಬಾಗುತ್ತೆ. ಕೊಳ್ಳುವ ಮುನ್ನ ಎಂಜಿನ್ ಕಂಪ್ಯೂಟರ್ ಬಿಚ್ಚಿಸಿ ನೋಡಿ. ಆ ಕಾಲದ ಮಿತ್ಸುಬಿಷಿ ಬೋರ್ಡುಗಳಲ್ಲಿ ಕೆಪಾಸಿಟರ್ ಸೋರಿ ತಾಮ್ರದ ಗೆರೆಗಳನ್ನು ತಿಂದುಹಾಕುತ್ತೆ. ಮೀನಿನಂಥ ವಾಸನೆ ಬಂದರೆ ಸೋರಿದೆ ಅಂತಲೇ ಅರ್ಥ.

ಲೇಸರ್, ಟ್ಯಾಲನ್ ತೆಗೆದುಕೊಳ್ಳುವವರಿಗೆ: 1992ರ ಮಧ್ಯದವರೆಗೆ 4ಜಿ63 ಎಂಜಿನ್ನಿನ ಫ್ಲೈವೀಲ್‌ಗೆ 6 ಬೋಲ್ಟು, ಆಮೇಲೆ 7. ಒಂದರದ್ದು ಇನ್ನೊಂದಕ್ಕೆ ಕೂರಲ್ಲ. ವರ್ಷ ಹೇಳಿ ಆರ್ಡರ್ ಕೊಡಬೇಡಿ, ಬೋಲ್ಟ್ ಎಣಿಸಿ ಕೊಡಿ.

ಬಂದರುಕಟ್ಟೆ

ಪಿಕಪ್‌ಗಳನ್ನು ಯಾರೂ ಮುಟ್ಟಲಿಲ್ಲ. ಸುಂಕ ಒಪ್ಪಂದದ ಆಕಾರವನ್ನು ಹೇಗೆ ತಿದ್ದುತ್ತೆ ಅನ್ನುವುದಕ್ಕೆ ಅವೇ ಸರಿಯಾದ ಉದಾಹರಣೆ.

ಯುರೋಪ್ ಅಮೆರಿಕದ ಕೋಳಿಮಾಂಸಕ್ಕೆ ಸುಂಕ ಏರಿಸಿದ್ದಕ್ಕೆ ಪ್ರತಿಯಾಗಿ ಅಮೆರಿಕ 1964ರಿಂದ ಹಗುರ ಟ್ರಕ್‌ಗಳ ಮೇಲೆ 25% ಸುಂಕ ಹಾಕಿತು. ಇವತ್ತಿಗೂ ಅದಕ್ಕೆ ಕೋಳಿ ಸುಂಕ ಅಂತಲೇ ಹೆಸರು. 1972ರಲ್ಲಿ ಫೋರ್ಡ್ ಮಾಜ್ದಾದಿಂದ ಕೊರಿಯರ್ ತರಿಸಿತು, ಶೆವರ್ಲೆ ಇಸುಝುವಿನಿಂದ ಲವ್ ತರಿಸಿತು. ಇಡೀ ಪಿಕಪ್ ಇಳಿಸಿದರೆ 25%. ಅದೇ ಕ್ಯಾಬಿನ್ ಮತ್ತು ಚಾಸಿಸ್ ಮಾತ್ರ, ಹಿಂದಿನ ತೊಟ್ಟಿ ಇಲ್ಲದೆ ಬಂದರೆ 4%. ಹಾಗಾಗಿ ತೊಟ್ಟಿ ಬೇರೆಯಾಗಿ ಬಂದು ಅಮೆರಿಕದ ನೆಲದಲ್ಲಿ ಚಾಸಿಸ್ ಮೇಲೆ ಕೂರುತ್ತಿತ್ತು. 1980ರಲ್ಲಿ ಈ ದಾರಿ ಮುಚ್ಚಿದರು. ಸುಂಕ ಒಂದೇ ಏಟಿಗೆ ಆರು ಪಟ್ಟಾದಾಗ ತರಿಸಿ ಮಾರುವುದರಲ್ಲಿ ಲೆಕ್ಕ ಕೂಡಲಿಲ್ಲ. 1982ರ ಮಾಡೆಲ್‌ಗೆ ಶೆವರ್ಲೆ ಎಸ್-10, 1983ಕ್ಕೆ ಫೋರ್ಡ್ ರೇಂಜರ್ ಮನೆಯಲ್ಲೇ ತಯಾರಾದವು.

1994ಕ್ಕೆ ಚಕ್ರ ಪೂರ್ತಿ ತಿರುಗಿತು. ಅಮೆರಿಕದಲ್ಲಿ ಮಾಜ್ದಾ ಬಿ-ಸೀರೀಸ್ ಅಂತ ಮಾರಿದ್ದು ಫೋರ್ಡ್ ಮಾಡಿಕೊಟ್ಟ ರೇಂಜರ್. ಹಾಗಾಗಿ 1994ರ ನಂತರದ ಬಿ2300, ಬಿ3000, ಬಿ4000ಕ್ಕೆ ರೇಂಜರ್ ಬಿಡಿಭಾಗ ಹುಡುಕಿ. ಅದಕ್ಕಿಂತ ಹಳೆಯದಕ್ಕೆ ಆ ಸೂತ್ರ ನಡೆಯಲ್ಲ.

ಹಳೇಗೇರ್

ಎಲ್ಲರಿಗೂ ಧನ್ಯವಾದ. ಇನ್ನೊಂದು ಕೇಳಬೇಕಿತ್ತು: ಎದುರು ದಿಕ್ಕಿನಲ್ಲಿ, ಅಂದರೆ ಅಮೆರಿಕದ ಕಾರನ್ನು ಪರದೇಶದ ಕಂಪನಿ ತನ್ನ ದೇಶದಲ್ಲಿ ಮಾರಿದ ಉದಾಹರಣೆಗಳು? ಫ್ರಾನ್ಸಿನ ರೆನೋ ಮತ್ತು ಅಮೆರಿಕದ ಎಎಂಸಿ (ಅಮೆರಿಕನ್ ಮೋಟರ್ಸ್, ಆಗ ಜೀಪ್ ಮಾಡುತ್ತಿದ್ದ ಕಂಪನಿ) ಒಪ್ಪಂದದಲ್ಲಿ ಎರಡೂ ದಿಕ್ಕು ಇತ್ತಲ್ಲ?

ಬೋರ್_ಸ್ಟ್ರೋಕ್

ಇತ್ತು. 1979ರ ಒಪ್ಪಂದದ ಪ್ರಕಾರ ಎಎಂಸಿ ಡೀಲರ್‌ಗಳು ರೆನೋ 5 ಅನ್ನು ಲೆ ಕಾರ್ ಹೆಸರಿನಲ್ಲಿ ಮಾರಬೇಕು, ರೆನೋ ಹೊರದೇಶಗಳಲ್ಲಿ ಜೀಪ್ ಮಾರಬೇಕು. ಮುಂದೆ ರೆನೋ ಪಾಲು ಸುಮಾರು 46%ಕ್ಕೆ ಏರಿತು. ವಿಸ್ಕಾನ್ಸಿನ್‌ನ ಕೆನೋಷಾದಲ್ಲಿ 1983ರ ಮಾಡೆಲ್ ಅಲಯನ್ಸ್ ತಯಾರಾಯಿತು. ಯುರೋಪಿಗೆ ಹೋದ ಜೀಪ್ ಚೆರೋಕಿಗೆ ರೆನೋದ 2.1 ಲೀಟರ್ ಟರ್ಬೊ ಡೀಸೆಲ್ ಸಿಕ್ಕಿತು. ಇದು ಒಪ್ಪಂದದ ಒಳ್ಳೆಯ ಫಲ. ಆದರೆ ಪೆಟ್ರೋಲ್ ಅಗ್ಗವಾದ ಹಾಗೆ ಅಮೆರಿಕದಲ್ಲಿ ಚಿಕ್ಕ ಕಾರಿನ ಗಿರಾಕಿ ಕರಗಿದ, ಡೀಲರ್‌ಗಳ ಹೊಟ್ಟೆ ತುಂಬಿಸಿದ್ದು ಜೀಪ್. 1987ರಲ್ಲಿ ಕ್ರೈಸ್ಲರ್ ಎಎಂಸಿಯನ್ನು ಕೊಂಡಾಗ ಕಣ್ಣಿದ್ದದ್ದೂ ಜೀಪ್ ಮೇಲೆಯೇ.

ಜಪಾನಿನಲ್ಲಿ ಮೂರು ಬಗೆ ನಡೆಯಿತು. ಫೋರ್ಡ್ 1981ರಿಂದ ಮಾಜ್ದಾ ಜೊತೆ ಆಟೊರಾಮಾ ಅನ್ನುವ ಅಂಗಡಿ ಸರಣಿಯಲ್ಲಿ ಫೋರ್ಡ್ ಬಿಲ್ಲೆಯ ಮಾಜ್ದಾಗಳನ್ನು ಮಾರಿತು. ಹೋಂಡಾ ಡೀಲರ್‌ಗಳು 1990ರ ದಶಕದಲ್ಲಿ ಜೀಪ್ ಚೆರೋಕಿ ಮಾರಿದರು. ಟೊಯೋಟಾ 1996ರಿಂದ 2000ದವರೆಗೆ ಶೆವರ್ಲೆ ಕ್ಯಾವಲಿಯರನ್ನು ತನ್ನ ಹೆಸರಿನಲ್ಲೇ ಮಾರಿತು, ವ್ಯಾಪಾರದ ಜಗಳ ತಣ್ಣಗಾಗಲಿ ಅಂತ. ಸ್ಟಿಯರಿಂಗ್ ಬಲಕ್ಕೆ, ಇಂಡಿಕೇಟರ್ ಕಡ್ಡಿಯೂ ಬಲಕ್ಕೆ ಬಂತು. ಆದರೂ ಓಡಲಿಲ್ಲ. ಜಪಾನಿನ ಚಿಕ್ಕ ಕಾರಿನ ವರ್ಗಕ್ಕೆ ಅಗಲ 1700 ಮಿ.ಮೀ., ಎಂಜಿನ್ 2000 ಸಿಸಿ ಮಿತಿ. ಕ್ಯಾವಲಿಯರ್ ಎರಡನ್ನೂ ಮೀರುತ್ತಿತ್ತು, ಎಂಜಿನ್ 2.4 ಲೀಟರ್. ಅಗ್ಗದ ಕಾರು ಕೊಂಡು ದೊಡ್ಡ ಕಾರಿನ ತೆರಿಗೆ ಕಟ್ಟಲು ಯಾರು ಒಪ್ಪುತ್ತಾರೆ?

ಫಾರ್ಗೊಲಾರಿ

ನಮ್ಮ ಕಡೆಯ ಎರಡು ಕೊಂಡಿ ಸೇರಿಸುತ್ತೇನೆ.

ಪ್ರೀಮಿಯರ್ ಆಟೊಮೊಬೈಲ್ಸ್ (1944, ಮುಂಬೈ) ಕ್ರೈಸ್ಲರ್ ಜೊತೆ ಮಾಡಿಕೊಂಡದ್ದು ಬರೀ ಮಾರಾಟದ ಒಪ್ಪಂದ ಅಲ್ಲ, ಇಲ್ಲೇ ಜೋಡಿಸುವ ಲೈಸೆನ್ಸ್. ಆದರೆ ಕ್ರೈಸ್ಲರ್‌ನ ಡೀಲರ್ ಪದ್ಧತಿ ಜೊತೆಗೇ ಬಂತು: ಒಂದೇ ಲಾರಿಗೆ ಡಾಡ್ಜ್, ಡಿಸೋಟೊ, ಫಾರ್ಗೊ ಅಂತ ಮೂರು ಹೆಸರು, ಡೀಲರ್‌ಗಳು ಬೇರೆ ಬೇರೆ. ಇದಕ್ಕೂ ಮುಂಚೆ ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಮೋಟಾರು ಕಾರ್ಖಾನೆಯ ಯೋಜನೆಗೆ ಮೈಸೂರು ಸರ್ಕಾರ ಬೆಂಬಲವಾಗಿ ನಿಂತಿತ್ತು, ಉದ್ಯಮಿ ವಾಲಚಂದ್ ಹೀರಾಚಂದ್ ಕ್ರೈಸ್ಲರ್ ಜೊತೆ ಮಾತಾಡಿದ್ದರು. ಯುದ್ಧಕಾಲದ ಬ್ರಿಟಿಷ್ ಭಾರತ ಸರ್ಕಾರ ಒಪ್ಪಿಗೆ ಕೊಡಲಿಲ್ಲ. ಬೆಂಗಳೂರಿಗೆ ತಪ್ಪಿದ ಕಾರ್ಖಾನೆ ಅದು.

ಎರಡನೆಯದು, ಜಿಎಂ 1981ರಲ್ಲಿ ಸುಝುಕಿಯ 5.3% ಕೊಂಡ ಮೇಲೆ ಸುಝುಕಿ ಕಲ್ಟಸ್ 1985ರಲ್ಲಿ ಶೆವರ್ಲೆ ಸ್ಪ್ರಿಂಟ್ ಆಯಿತು, ಅದರ ಎರಡನೇ ತಲೆಮಾರು 1989ರಲ್ಲಿ ಜಿಯೋ ಮೆಟ್ರೊ (ಜಿಯೋ ಕೂಡ ಜಿಎಂನದೇ ಹೆಸರು). ನಮ್ಮ ಮಾರುತಿ 1000 ಮತ್ತು ಎಸ್ಟೀಮ್ ಅದೇ ಎರಡನೇ ತಲೆಮಾರಿನ ಡಿಕ್ಕಿ ಇರುವ ರೂಪ.

ಚಾಸಿಸ್ನಂಬರ್

ಫಾರ್ಗೊಲಾರಿ ಅವರು ಹೇಳಿದ್ದು ಸರಿ, ಒಂದು ಎಚ್ಚರಿಕೆ ಇರಲಿ. ಎಂಜಿನ್ ಭಾಗಗಳಲ್ಲಿ ಆ ನೆಂಟಸ್ತನ ನಂಬಿ ಆರ್ಡರ್ ಮಾಡಬೇಡಿ. ಬೇಸ್ ಮೆಟ್ರೊದಲ್ಲಿ 993 ಸಿಸಿಯ 3 ಸಿಲಿಂಡರ್, ಮಾರುತಿ 1000ದಲ್ಲಿ 970 ಸಿಸಿಯ 4 ಸಿಲಿಂಡರ್, ಎಸ್ಟೀಮ್‌ನಲ್ಲಿ 1298 ಸಿಸಿ.

ಮೆಟ್ರೊ ನಂಬರ್ ಜೆಜಿ1ರಿಂದ ಶುರುವಾದರೆ ಜಪಾನಿನದು, 2ಸಿ1 ಆದರೆ ಕೆನಡಾದ ಇಂಗರ್ಸಾಲ್‌ನಲ್ಲಿ ಜಿಎಂ-ಸುಝುಕಿ ಜಂಟಿಯಾಗಿ ಮಾಡಿದ್ದು. ಜಿಯೋ ಹೆಸರಿನಡಿ ಮೂರು ಕಂಪನಿಯ ಕಾರುಗಳು ಸೇರಿವೆ: ಜೆ81 ಇಸುಝುವಿನ ಸ್ಟಾರ್ಮ್, 1ವೈ1 ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಟೊಯೋಟಾ ಜೊತೆ ಮಾಡಿದ ಪ್ರಿಝ್ಮ್. ಜಿಯೋ ಬಿಲ್ಲೆ ನೋಡಿ ಅಂಗಡಿಗೆ ಹೋದರೆ ತಪ್ಪು ಭಾಗ ಬರುತ್ತೆ. ಮೊದಲ ಮೂರು ಅಕ್ಷರ ಬರೆದುಕೊಂಡು ಹೋಗಿ.