ಅಪ್‌ಡೇಟ್: ತೋಟದ ಶೆಡ್ ಈಗ ಮನೆಯಿಂದಲೇ ಸಿಗುತ್ತಿದೆ

ಹೋದ ವಾರ ಕೇಳಿದ್ದೆ: ತಿಕೋಟಾ ಹತ್ತಿರದ ನಮ್ಮ ದ್ರಾಕ್ಷಿ ತೋಟದ ಶೆಡ್‌ನಲ್ಲಿ ಪ್ರಿಪೇಯ್ಡ್ ಸಿಮ್ ಹಾಕಿದ 4ಜಿ ರೂಟರ್, ಅದಕ್ಕೆ ಒಂದು ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್), ಒಂದು ಕ್ಯಾಮೆರಾ. ವಿಜಯಪುರದ ಮನೆಯಿಂದ ತೆರೆಯಲು ಆಗುತ್ತಿಲ್ಲ ಅಂತ. ಈಗ ಆಯಿತು!

ಹೊರಗಿನ ಕರೆಯನ್ನು ಒಳಗಿನ ಸಾಧನಕ್ಕೆ ದಾಟಿಸುವ ಪೋರ್ಟ್ ಫಾರ್ವರ್ಡಿಂಗ್, ಬದಲಾಗುವ ಇಂಟರ್ನೆಟ್ ವಿಳಾಸಕ್ಕೆ ಒಂದೇ ಹೆಸರು ಕೊಡುವ ಡಿಡಿಎನ್‌ಎಸ್ ಎರಡೂ ಕೈಕೊಟ್ಟವು. ಎರಡು ಸಂಜೆ ಸುಮ್ನೆ ಹೋದವು. ಒಬ್ಬರು ಹೇಳಿದಂತೆ ರೂಟರ್‌ನ ವ್ಯಾನ್ ಐಪಿ (ಹೊರಬದಿಯ ವಿಳಾಸ) ನೋಡಿದೆ. 100.72 ಅಂತ ಶುರು. 100.64ರಿಂದ 100.127ರವರೆಗಿನವು ಸಿಮ್ ಕಂಪನಿ ತನ್ನೊಳಗೇ ಹಂಚುವ ವಿಳಾಸಗಳಂತೆ; ಹೊರಗೆ ಎಷ್ಟೋ ಸಿಮ್‌ಗಳಿಗೆ ಒಂದೇ ಐಪಿ. ಹೊರಗಿನಿಂದ ಬಾಗಿಲು ತಟ್ಟಿದರೆ ನಮ್ಮ ಶೆಡ್‌ಗೆ ಕೇಳುವುದು ಹೇಗೆ, ಅಲ್ವಾ?

ಕೆಲಸ ಮಾಡಿದ್ದು ವೈರ್‌ಗಾರ್ಡ್ (ಇಂಟರ್ನೆಟ್ ಮೇಲೆ ಖಾಸಗಿ ಸುರಂಗ ಹಾಕುವ ತಂತ್ರಾಂಶ) ಸಲಹೆ. ಒಂದು ಸಣ್ಣ ಬಾಡಿಗೆ ಸರ್ವರ್ ಹಿಡಿದೆ. ಪೈ ತಾನೇ ಅದಕ್ಕೆ ಕರೆ ಮಾಡುತ್ತದೆ, ನಾನೂ ಅಲ್ಲಿಗೇ ಹೋಗುತ್ತೇನೆ. ಮೊದಮೊದಲು ಸ್ವಲ್ಪ ಹೊತ್ತಿಗೇ ಸಂಪರ್ಕ ಸಾಯುತ್ತಿತ್ತು. ಪರ್ಸಿಸ್ಟೆಂಟ್ ಕೀಪ್‌ಅಲೈವ್ (ಸಂಪರ್ಕ ಸಾಯದಂತೆ ಆಗಾಗ ಹೋಗುವ ಸಣ್ಣ ಸಂದೇಶ) 25 ಸೆಕೆಂಡಿಗೆ ಇಟ್ಟ ಮೇಲೆ ಗಟ್ಟಿಯಾಗಿದೆ.

ಆಶ್ಚರ್ಯ ಬೇರೆಯೇ ಇತ್ತು. ದಿನದ 1.5 ಜಿಬಿ ಡೇಟಾ ಮಧ್ಯಾಹ್ನಕ್ಕೇ ಖಾಲಿ! ಕ್ಯಾಮೆರಾ ಇಡೀ ದಿನ ಕ್ಲೌಡ್‌ಗೆ ವಿಡಿಯೊ ಸುರಿಯುತ್ತಿತ್ತು. ಈಗ ಮೆಮೊರಿ ಕಾರ್ಡ್‌ಗೆ ತಿರುಗಿಸಿದ್ದೇನೆ. ಡೇಟಾ ಮುಗಿದು ವೇಗ 64 ಕೆಬಿಪಿಎಸ್‌ಗೆ ಇಳಿದಾಗಲೂ ಎಸ್‌ಎಸ್‌ಎಚ್ (ದೂರದಿಂದ ಪೈಗೆ ಆದೇಶ ಕೊಡುವ ದಾರಿ) ಕುಂಟುತ್ತಾ ನಡೆಯಿತು, ಅದೂ ಜಾಸ್ತಿಯೇ.

ರೀಚಾರ್ಜ್ ಮುಗಿಯುವ ದಿನವನ್ನು ಮಾತ್ರ ಕಾಕಾ ಗೋಡೆ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿದ್ದಾರೆ.